ಎರಡು ಬೆರಳ ಬಿಗಿ

ಇಪ್ಪತ್ತನಾಲ್ಕು ತೊಡೆಮೂಳೆ
ರಟ್ಟಿನ ಪೆಟ್ಟಿಗೆಯಲ್ಲಿ ಬಂದವು, ಹಿಮದ ದೇಶದಿಂದ.
ಬಿಚ್ಚಿ, ಎಣಿಸಿ, ಸಹಿ ಹಾಕಿದವಳು ನಾನೇ.
ಎಲ್ಲವೂ ಎಡಗಾಲಿನವು.
ಒಂದಾದರೂ ಬಲಗಾಲು ಬೇಡವೇ ಎಂದೆ.
ಡಾಕ್ಟರ್ ಲಿಯಿಮೋ ನಕ್ಕರು:
"ಕಬೂಲಾ, ಇವು ನಡೆಯಲಿಕ್ಕಲ್ಲ, ಮುರಿಯಲಿಕ್ಕೆ."

ಮ್ವಾಂಝಾದ ನರ್ಸಿಂಗ್ ಶಾಲೆಯ ದೊಡ್ಡ ಕೋಣೆ.
ಕಿಟಕಿಯಾಚೆ ಬಂಡೆಯ ಮೇಲೆ ಬಂಡೆ,
ಯಾರೂ ಮೊಳೆ ಹೊಡೆಯದೆ ನಿಂತಂಥವು.
ಕೆಳಗೆ ಸರೋವರ, ಒಣಗುವ ದಗಾ ಮೀನಿನ ವಾಸನೆ.
ಒಳಗೆ ಹನ್ನೆರಡು ಮೇಜು,
ಬಡಗಿ ಮಸಾಂಜಾ ಬಾಡಿಗೆಗೆ ಕೊಟ್ಟ ವೈಸುಗಳು,
ಮೇಜಿಗಿಬ್ಬರಂತೆ ಡಾಕ್ಟರು:
ಬುಕೋಬಾ, ಮುಸೋಮಾ, ಶಿನ್ಯಾಂಗಾ,
ಉಕೆರೆವೆ ದ್ವೀಪದಿಂದ ದೋಣಿಯಲ್ಲಿ
ದಾರಿಯುದ್ದ ವಾಂತಿ ಮಾಡಿಕೊಂಡು ಬಂದವನೊಬ್ಬ.

ಕೊರೆ. ಅಳೆ. ಸುಳಿ ಕೊಯ್ಯಿ. ತಿರುಪು.
ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಾರೆ ಲಿಯಿಮೋ.
ಶುಂಠಿ ಚಹಾ ಬಗ್ಗಿಸುತ್ತ ನನಗೂ ಬಾಯಿಪಾಠವಾಯಿತು.
ಆ ಮೂಳೆಗೆ ರಕ್ತವಿಲ್ಲ, ಮಜ್ಜೆಯಿಲ್ಲ,
ಅಯ್ಯೋ ಎನ್ನುವ ಬಾಯಿಯಿಲ್ಲ.
ಕೊರೆದರೆ ಬಿಳೀ ಪುಡಿ, ಅಷ್ಟೆ.
ಮಂದಾಜಿಯ ಮೇಲೂ ಕೂತಿತ್ತು;
ಸಕ್ಕರೆಯೆಂದು ಇಬ್ಬರು ತಿಂದರು.

ಎರಡನೇ ದಿನ ಕರೆಂಟು ಹೋಯಿತು.
ಮಸಾಂಜಾ ಅಂಗಡಿಗೆ ಓಡಿ ತನ್ನ ಹಳೇ ಬೈರಿಗೆ ತಂದ.
ಅದರ ಹಿಡಿಕೆ ಅವನ ಅಂಗೈಯ ಅಚ್ಚು;
ಬೇರೆ ಯಾವ ಕೈಗೂ ಸುಲಭಕ್ಕೆ ಒಗ್ಗಲಿಲ್ಲ.
ಶಿನ್ಯಾಂಗಾದ ಮಿಲೆಂಬೆ, ಎಲ್ಲರಿಗಿಂತ ಕಿರಿಯಳು,
ಲೋಹದ ಪಟ್ಟಿಗೆ ಆರನೇ ತಿರುಪುಮೊಳೆ ಬಿಗಿಸುತ್ತಿದ್ದಳು.
ಇನ್ನೂ ಸ್ವಲ್ಪ. ಇನ್ನೊಂದೇ ಚೂರು.
ತಟ್ಟನೆ ಕೈ ಹಗುರ.
ಮುಖ ಅರಳಿತು, ಗೆದ್ದೆನೆಂದೇ ಎಣಿಸಿದಳು ಪಾಪ.
"ಅದೇ," ಎಂದರು ಲಿಯಿಮೋ, "ಆ ಹಗುರ ನೆನಪಿಟ್ಟುಕೋ.
ಸುಳಿ ಕಿತ್ತುಹೋಯಿತು. ಒಳಗೀಗ ಹಿಡಿತವಿಲ್ಲ.
ಮುಷ್ಟಿ ಬೇಡ, ಎರಡು ಬೆರಳ ಬಿಗಿ ಸಾಕು.
ಸಾಕೆಂದು ಮೂಳೆಯೇ ಹೇಳುತ್ತೆ."
"ಮರವೂ ಹೇಳುತ್ತೆ," ಬಾಗಿಲಲ್ಲಿ ಮಸಾಂಜಾ ಗೊಣಗಿದ,
"ನಲವತ್ತು ವರ್ಷದಿಂದ. ನನ್ನನ್ನು ಯಾರು ಕೇಳಿದರು?"

ನನ್ನ ಎಡಗಾಲು ಎರಡು ಬೆರಳು ಗಿಡ್ಡ.
ಒಂಬತ್ತರ ವಯಸ್ಸು, ಅದೇ ಬಂಡೆಗಳ ಮೇಲಿಂದ.
ಸೋದರಮಾವ ಕಾಲೆಳೆದು, ಬಿದಿರ ಸೀಳಿಟ್ಟು,
ಅವ್ವನ ಕಾಂಗಾ ಹರಿದು ಸುತ್ತಿ,
ಆಡಿನ ಕೊಬ್ಬು ಸವರಿ
ಮಳೆಗಾಲ ಪೂರಾ ಮಲಗಿಸಿದ್ದ.
ಕೂಡಿಕೊಂಡಿತು. ಸೊಟ್ಟಗೆ.
ಕೂಡಿಕೊಂಡಿತಲ್ಲ!
ತಟ್ಟೆ ಹಿಡಿದು ಮೇಜಿಂದ ಮೇಜಿಗೆ ಹೋಗುವಾಗ
ಅಷ್ಟೂ ಕಣ್ಣು ನನ್ನ ನಡಿಗೆಯನ್ನು ಓದುತ್ತಿದ್ದವು;
ಓದಲೆಂದೇ ಬಂದವರು, ಓದಲಿ.

ಮಿಲೆಂಬೆ ಮಾತ್ರ ಬಾಯಿಬಿಟ್ಟಳು:
ಸರಿಮಾಡಬಹುದು ಅಮ್ಮಾ, ಈಗಲೂ.
ಹೇಗೆ?
ಮತ್ತೆ ಮುರಿಯಬೇಕು.

ಸಕ್ಕರೆ ಎಷ್ಟು ಚಮಚ ಎಂದೆ.

ಮೂರನೇ ಸಂಜೆ, ಸರ್ಟಿಫಿಕೇಟು ಹಂಚುವ ಹೊತ್ತು,
ಮೇಜಿನ ಮೇಲೆ ಅವಳ ಫೋನು ನಡುಗಿತು.
ಒಂದು ಪಿಕಿಪಿಕಿ, ಮೂವರು ಸವಾರರು, ಎದುರಿಂದ ಲಾರಿ.
ಹದಿನಾರರ ಹುಡುಗ, ತೊಡೆ.
ಎಡವೋ ಬಲವೋ, ಕೇಳಿದಳು;
ಆಚೆಯ ದನಿಗೆ ಗೊತ್ತಿರಲಿಲ್ಲ.
ಹೊರಟೇಬಿಟ್ಟಳು ಕೊನೆಯ ಬಸ್ಸಿಗೆ.
ಮೆಟ್ಟಿಲಿಳಿವಾಗ ನೋಡಿದೆ: ಬಲಗೈಯ ಎರಡು ಬೆರಳು
ಗಾಳಿಯಲ್ಲಿ ಏನನ್ನೋ ತಿರುಪಿ
ತಡೆದು ನಿಂತಿದ್ದವು.

ಅವಳ ಹೆಸರು ಕೂಗಿದರು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಆಮೇಲೆ ಉಳಿದದ್ದು ನಾನು, ಕಸಬರಿಗೆ,
ಗುಡಿಸಿದಷ್ಟೂ ಏಳುವ ಪುಡಿ.
ಆರನೇ ತೂತು ಸಡಿಲಾದ ಮೂಳೆಯನ್ನು
ಮಸಾಂಜಾ ಕೇಳಿ ಒಯ್ದ, ಕೋಳಿಗೂಡಿನ ಅಗಳಿಗಂತೆ.
ಕತ್ತಲಿಗೆ ಸರೋವರದ ಗಾಳಿ ಎದ್ದಿತು.
ಮಿಲೆಂಬೆಯ ಸರ್ಟಿಫಿಕೇಟು ಹಾರದ ಹಾಗೆ
ಸಕ್ಕರೆ ಡಬ್ಬಿಯ ಕೆಳಗಿಟ್ಟೆ.