ಕರಿ ನಾಕು

ಸೊಲ್ಲಾಪುರದ ಗಿರಣಿ ಭೋಂಗಾ ಕರಿ ನಾಕರಾಗ ಕೂಗತದ
ಅಂತ ಮೊದಲು ಹೇಳಿದಂವ ಚನ್ಮಲ್ಲಪ್ಪ ಮೈಂದರಗಿ.
ನಾ ಪೇಟಿ ತಗದು ಒತ್ತಿ ನೋಡಿದೆ. ಖರೇ ಇತ್ತು,
ಒಂದು ಕೂದಲೆಳಿಯಷ್ಟು ಇಳದಿತ್ತು.
"ಹಬೆ ಕಡಿಮಿ ಬಿದ್ದಿರಬೇಕು," ಅಂದ.

ಅಕ್ಕಲಕೋಟದಿಂದ ಬಂದಾಗ ಹನ್ನೊಂದರ ಹುಡುಗ,
ಬಗಲಾಗ ತಾಯಿಯ ಒಂದು ಇಳಕಲ್ಲ ಸೀರಿ.
ಕಂಪನಿಗೆ ರಾಣಿ ಬೇಕಾಗಿದ್ದಳು, ಸೀರಿನೂ ಬೇಕಾಗಿತ್ತು,
ಎರಡೂ ಇಟಗೊಂಡರು.
ಆಗ ಕರಿ ಐದು.
ನಾಕು ವರ್ಷ ಆ ರಾಣಿ ಸತ್ತಳು, ರಾತ್ರಿ ಎರಡೂವರಿಗೆ,
ಸಾಯೂ ಮುಂದ ಹನ್ನೆರಡು ನಿಮಿಷ ಹಾಡಿ.
ಮಂದಿ "ವನ್ಸ್ ಮೋರ್" ಅಂದರ
ಎದ್ದು, ಸೆರಗ ಝಾಡಿಸಿ, ಮತ್ತ ಸಾಯತಿದ್ದಳು.

ಜತ್ತಿನ್ಯಾಗ ಒಂದು ರಾತ್ರಿ ದನಿ ಒಡೀತು.
ಮ್ಯಾಲಿನ ಷಡ್ಜಕ್ಕ ಏರಿದಾಕಿ ಗಂಡಸಾಗಿ ಇಳದಳು.
ಮುಂದಿನ ಕುರ್ಚಿಯ ಮಾಮಲೇದಾರ ನಕ್ಕ,
ಅಂವ ನಕ್ಕ ಮ್ಯಾಲ ಎಲ್ಲಾರಿಗೂ ನಗಾಕ ಪರವಾನಗಿ.
ಎರಡು ವರ್ಷ ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕಿದ.

ತಿರುಗಿ ಬಂದದ್ದು ಕರಿ ನಾಕರಾಗ.
ಹೆಂಗ ಹೇಳಲಿ, ಕಾದ ಹಂಚಿನ ಮ್ಯಾಲ
ನೀರಿನ ಹನಿ ಓಡತಾವಲ್ಲ, ಹಂಗ ತಾನ.
ಮಗ್ಗದ ತೆಲುಗರು, ಗಿರಣಿಯ ಮರಾಠರು, ನಮ್ಮ ಮಂದಿ,
ಭಾಷಾ ಮೂರು, ಶೀಟಿ ಒಂದ.
ಮೊದಲ ಚರಣ ಕನ್ನಡ, ಎರಡನೇದು ಮರಾಠಿ,
ಮೂರನೇದು ಯಾವ ಕಡಿಂದ ರೊಕ್ಕಾ ಬೀಳತಾವ ನೋಡಿ.
ಮುಂಬೈಯವರು ಕರದು ರಿಕಾರ್ಡು ತುಂಬಿಕೊಂಡರು,
ಮೂರು ನಿಮಿಷದಾಗ ಮುಗಸು ಅಂದರು.
"ಮೂರು ನಿಮಿಷ ನನಗ ಕೆಮ್ಮಾಕ ಬೇಕು," ಅಂದ. ಆದರೂ ಹಾಡಿದ.
ಚೀಟಿಯ ಮ್ಯಾಲ ಅಚ್ಚಾದ ಹೆಸರು: ಮಾಸ್ಟರ್ ಚೆನ್ನು, ಮೈಸೂರು.
ಮೈಸೂರು ಅಂವ ಸಾಯೂತನಕ ಕಾಣಲಿಲ್ಲ.

ಆಮ್ಯಾಲ ಬೋಲಪಟ.
ನಮ್ಮ ಕಾಡು, ಅರಮನಿ, ಹಾದಿಬೀದಿ ಎಲ್ಲಾ ಸುತ್ತಿ ಅಟ್ಟಕ್ಕ ಒಗದು
ಒಂದ ಬಿಳೇ ಅರಿವಿ ಬಿಗದರು.
ರೀಲು ಬದಲಸೂತನಕ ಹಾಡ್ರಿ, ಅಂದರು ಮಾಲಕರು.
ಒಂದೂವರಿ ರೂಪಾಯಿ, ಚಹಾ.
ಮಂದಿ ಶೇಂಗಾ ಸುಲಕೋತ ಕೂಡತಿದ್ದರು.
ಆಪರೇಟರ್ ಗಡಿಬಿಡಿ ಮಾಡಿ ರೀಲು ಬಿಟ್ಟರ
ಯಾರದೋ ಲಗ್ನದ ಮೆರವಣಿಗಿ
ಚನ್ಮಲ್ಲಪ್ಪನ ಅಂಗಿಯ ಮ್ಯಾಲ ಹಾದು ಹೋಗತಿತ್ತು.
ಅಂವ ಚರಣ ಮುಗಿಸೇ ಸರೀತಿದ್ದ.

ಒಂದು ಮಾತು ಯಾರಿಗೂ ಹೇಳಿಲ್ಲ.
ಕರಿ ನಾಕು ಆ ಬ್ಯಾಸಗಿಗೆ ಬಿಳಿ ಐದಾತು,
ದೀಪಾವಳಿ ದಾಟಿದ ಮ್ಯಾಲ ಕರಿ ಮೂರು.
ಅವನ್ನ ಕೇಳಿ ಅಲ್ಲ, ನಾನ ಇಳಿಸಿದೆ,
ಮಲಗಿದ ಕೂಸಿನ ಮುಷ್ಟಿಯಿಂದ ಗಿಲಕಿ ಬಿಡಿಸಿದಂಗ.
ಬಿಳಿ ನಾಕಕ್ಕ ಇಳಿಸಿದ ರಾತ್ರಿ
ಹಾಡು ಮುಗಿಸಿ ಬಂದು ಪೇಟಿ ಹತ್ತರ ಕುಂತ.
ಕರಿ ನಾಕರ ಮ್ಯಾಲ ಬೆರಳಿಟ್ಟು
ಕೆಳಗ ಕೆಳಗ ಸರಿಸಿದ. ಒಂದು. ಎರಡು. ಮೂರು.

ಹೊರಗ ರಾತ್ರಿ ಪಾಳಿಯ ಭೋಂಗಾ ಆತು.
"ಇತ್ತಿತ್ತಲಾಗ ಭಾಳ ಏರಿ ಕೂಗತದಲ್ಲೋ," ಅಂದ.
"ಹೂಂ," ಅಂದೆ.
"ಹೊಸಾ ಬಾಯ್ಲರ್ ಹಾಕ್ಯಾರಂತ."