ಒಂದೇ ಸಾಲಿನ ಜಾಗ

ಡೀನರ ನಮೂನೆಯಲ್ಲಿ ಕಡೆಯ ಪ್ರಶ್ನೆಗೆ
ಒಂದೇ ಸಾಲಿನ ಜಾಗ:
ಯಾವುದು ಮೇಲು?

ಮಣ್ಣಿನ ಪಾಠ. ಎರಡು ತಂಡ.
ಒಂದು, ಗುರುವಾರ ಗುರುವಾರ
ಪ್ವೆರ್ತೊ ಮೊಂಟ್‌ನ ಪ್ರಯೋಗಾಲಯಕ್ಕೆ ಬಂದು
ಉಳಿದ ದಿನ ತೆರೆಯ ಮೇಲೆ ಓದುವುದು.
ಇನ್ನೊಂದು ಬರುವುದೇ ಇಲ್ಲ.
ಅವರಿಗೂ ನನಗೂ ನಡುವೆ ಚಾಕಾವೊ ಜಲಸಂಧಿ,
ಒಂದು ತೆರೆಯಾಚೆ ಇನ್ನೊಂದು ತೆರೆ.

ಏಳಕ್ಕೆ ಐದೂಕಾಲು ಇವರ ಸರಾಸರಿ.
ಅವರದೂ ಐದೂಕಾಲು.
‘ಹಾಗಿದ್ದರೆ ಆ ಕಟ್ಟಡಕ್ಕೆ ಹೀಟರ್ ಏಕೆ?’
ಅಂದರು ಲೆಕ್ಕಪತ್ರದ ದೊನ್ಯಾ ಎದೂವಿಹೆಸ್,
ಕೋಟಿನ ಗುಂಡಿ ಬಿಚ್ಚದೆ.

ಹಸಿ ಮಣ್ಣನ್ನು ತೋರುಬೆರಳ ಮೇಲಿಟ್ಟು
ಹೆಬ್ಬೆರಳಿಂದ ಒತ್ತಿ ಒತ್ತಿ ಪಟ್ಟಿ ಎಳೆಯಬೇಕು;
ಮುರಿಯದೆ ಎಷ್ಟುದ್ದ ಬಂತೋ ಅಷ್ಟು ಜೇಡಿ.
ಯಾನಾರಾಳದ್ದು ಉದುರುತ್ತದೆ.
ಅವಳ ಬೆರಳ ಮೇಲೆ ಬೆರಳಿಟ್ಟು
‘ಇಷ್ಟು’ ಅನ್ನುತ್ತೇನೆ.
ಆ ಇಷ್ಟು ಎಷ್ಟೆಂದು
ನಲವತ್ತು ನಿಮಿಷದ ವಿಡಿಯೊದಲ್ಲಿ ಹೇಳಲಾಗಲಿಲ್ಲ,
ಮೂರು ಸಲ ತೆಗೆದು ಮೂರು ಸಲ ಅಳಿಸಿದೆ.

ಆದರೆ ಗುರುವಾರದವರು ಮುಟ್ಟಿದ್ದೆಲ್ಲ ಒಂದೇ ಮಣ್ಣು,
ನಾನೇ ಎಂದೋ ಒಣಗಿಸಿ, ಜರಡಿ ಹಿಡಿದು,
ಚೀಟಿ ಅಂಟಿಸಿಟ್ಟ ಚೀಲದ್ದು.

ಬಾರದವರು ತಮ್ಮ ತಮ್ಮ ಹಿತ್ತಿಲು ಕೆದಕಿದರು.
ಒಬ್ಬಳ ಸಿಂಕಿನಲ್ಲಿ ಬೂದಿಬಣ್ಣ,
ಒಬ್ಬನ ಸೂಪಿನ ಬಟ್ಟಲಲ್ಲಿ ಕರಿ ಜೌಗು.
ಎಲಿಯೆಸೆರ್ ಚಿಗ್ವಾಯ್,
ಸಾಲ್ಮನ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ರಬ್ಬರ್ ಬೂಟಿನಲ್ಲೇ ಕ್ಯಾಮರಾದ ಮುಂದೆ ಕೂತವನು.
ಅವನ ಚಿಕ್ಕಮ್ಮ ಹಿಂದಿನಿಂದ ಕೈ ಚಾಚಿ
ಉಂಡೆ ಹಿಸುಕಿ, ಮೂಸಿ,
‘ಇದಕ್ಕೆ ಕಡಲಪಾಚಿ ಸಾಲದು,
ಆಲೂಗಡ್ಡೆ ಸಪ್ಪೆಯಾಗುತ್ತೆ’ ಅಂದಳು.
ಇಪ್ಪತ್ತೊಂಬತ್ತು ಚೌಕಗಳು ಮೈಕು ಮುಚ್ಚಿಕೊಂಡು ಕೇಳಿದವು.
ನಾನೂ ಬರೆದುಕೊಂಡೆ.
ಅಷ್ಟರಲ್ಲಿ ಅವನ ಸಂಪರ್ಕ ಕಡಿಯಿತು.
ಅವನ ಪಟ್ಟಿ ಎಷ್ಟುದ್ದ ಬಂತೋ, ನೋಡಲೇ ಇಲ್ಲ.
ಅಂಕ ಕೊಟ್ಟೆ.

ಯಾವುದು ಮೇಲು?
ಇಪ್ಪತ್ತು ವರ್ಷ ಮಣ್ಣು ಕಲಿಸಿದವಳಿಗೆ
ಏನು ಮಣ್ಣು ಗೊತ್ತು.

ನಿನ್ನೆ ದೋಣಿಯಲ್ಲಿ ಒಂದು ಜಾಮಿನ ಸೀಸೆ ಬಂತು.
ಹೊರಗೆ ಇನ್ನೂ ಮುರ್ತಾ ಹಣ್ಣಿನ ಚಿತ್ರ,
ಒಳಗೆ ಅವನ ಹಿತ್ತಿಲು.
ಕಚೇರಿಯಲ್ಲಿ ಯಾರೂ ಇರಲಿಲ್ಲ; ಉಗುಳಿ ನಾದಿದೆ.
ಹೆಬ್ಬೆರಳಿಂದ ತಳ್ಳಿದೆ. ಒಂದಂಗುಲ. ಎರಡು.
ಎರಡೂವರೆಗೆ ಬಾಗಿತು,
ಮುರಿಯಲಿಲ್ಲ.

ಕೆಸರು ಬೆರಳಲ್ಲೇ ನಮೂನೆಯ ಹಾಳೆ ತಿರುವಿದ್ದೇನೆ.
ಬೆಳಿಗ್ಗೆಯಿಂದ ದೊನ್ಯಾ ಎದೂವಿಹೆಸ್ ಫೋನು:
ಆ ಸಾಲಿನ ಮೇಲೆ ಏನೋ ಬೆರಳಚ್ಚಿದೆಯಲ್ಲ,
ಅದನ್ನು ಯಾವ ಕಾಲಮ್ಮಿಗೆ ಸೇರಿಸಲಿ?