ನಾಲ್ಕು ನಿಮಿಷ ಹಿಂದೆ

ಈ ಬಣ್ಣಕ್ಕೆ ಹೆಸರಿಲ್ಲ.
ಹಸಿರೆಂದರೆ ನೀಲಿಗೆ ಮುನಿಸು,
ನೀಲಿಯೆಂದರೆ ಹಸಿರು ಮುಖ ತಿರುಗಿಸುತ್ತದೆ.
ಮಾಲ್ಬೊರ್ಕಿನಲ್ಲಿ ನಮ್ಮ ಶಾಲೆಯ ಗೋಡೆಗೆ,
ಆಸ್ಪತ್ರೆಯ ಕಾರಿಡಾರಿಗೆ,
ಭುಜದೆತ್ತರದವರೆಗೆ ಬಳಿಯುತ್ತಿದ್ದರಲ್ಲ,
ಅದೇ, ಇನ್ನೂ ಸ್ವಲ್ಪ ಕಾಯಿಲೆ ಬಿದ್ದಂತೆ.
ಮಿಗ್ ವಿಮಾನದ ಒಳಗೋಡೆಗೂ ಅದನ್ನೇ ಬಳಿದರು,
ಪೈಲಟನ ಮನಸ್ಸು ತಣ್ಣಗಿರಲೆಂದು.
ನನಗೆ ಮಾತ್ರ ಪ್ರತಿ ಬೆಳಗೂ
ಹಲ್ಲಿನ ಡಾಕ್ಟರ ಕೋಣೆಗೆ ತಲೆ ಹಾಕಿದ ಹಾಗೆ.

ಏಳು ಹನಿ ಬಿಳಿ, ಮೂರು ನೀಲಿ, ಎರಡು ಹಸಿರು,
ಹಲ್ಲುಕಡ್ಡಿಯ ತುದಿಗಂಟಿದಷ್ಟು ಹಳದಿ.
ಮೂವತ್ತು ವರ್ಷದ ಮೇಲೆ
ಮತ್ತೆ ಉಗುರಿನಡಿ ಬಂದು ಕೂತಿದೆ.

ನಾನು ಹಾರಿದವನಲ್ಲ.
ಹಾರುವವನನ್ನು ಕೂರಿಸಿ, ಪಟ್ಟಿ ಬಿಗಿದು,
ಏಣಿ ಹೆಗಲಿಗೇರಿಸಿ ಹಿಂದೆ ಸರಿದವನು.

ಈಗ ಆ ಇಡೀ ಗೂಡು
ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲುತ್ತದೆ.
ಒಂದೊಂದು ಮೀಟರೂ ಎಳ್ಳುಕಾಳು.
ಮೊಸರಿನ ಡಬ್ಬಿಯ ತಗಡುಹಾಳೆ ಸೀಳಿ
ಸೀಟಿಗೆ ಪಟ್ಟಿ ಮಾಡಿದೆ;
ಹೊಸದಾಗಿ ಕಂಡಿತು, ಸುಳ್ಳಾಗಿ ಕಂಡಿತು.
ಕರಿನೀರು ಬಿಟ್ಟೆ, ಸಂದುಗೊಂದಿಗೆ ತಾನೇ ಹರಿಯಿತು.
ಆಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ, ಒರೆಸಿ,
ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ
ಅಂಚಿನ ಮೇಲೆ ಸುಮ್ಮನೆ ಸವರಿದರೆ
ಕತ್ತಲಿಂದ ಸ್ವಿಚ್ಚುಗಳು ಒಂದೊಂದಾಗಿ
ತಲೆಯೆತ್ತಿದವು,
ಹೆಸರು ಕೂಗಿದ ಸಿಪಾಯಿಗಳಂತೆ.

ಹಲಗೆಯ ನಟ್ಟನಡುವೆ ಒಂದು ಬಿಳಿ ಗೆರೆ.
ಅದನ್ನೆಳೆಯಲು ಮೂರು ಸಂಜೆ,
ಎರಡು ಗುಟುಕು ವೋಡ್ಕಾ, ಕೈ ನಡುಗದಿರಲೆಂದು;
ಮೂರನೆಯದು ಕುಡಿದರೆ ನಡುಗುತ್ತದೆ.
ವಿಮಾನ ಬುಗುರಿಯಾಗಿ ನೆಲಕ್ಕೆ ಸುತ್ತುವಾಗ
ಆಕಾಶ ಯಾವುದು, ಸಮುದ್ರ ಯಾವುದು ಗೊತ್ತಾಗದು.
ಯೋಚಿಸಬೇಡ,
ಕೋಲನ್ನು ಆ ಗೆರೆಗೆ ಒತ್ತಿ ಹಿಡಿ. ಅಷ್ಟೇ ಪಾಠ.

ಮೇಲಿನ ಮಹಡಿಯ ಗ್ವಿದೊನ್ ಬಂದ.
ಬಾಲ್ಟಿಕ್ ಮೇಲೆ ಒಮ್ಮೆ ಆ ಗೆರೆ ಹಿಡಿದವನು,
ಈಗ ಮೆಟ್ಟಿಲಿಗೆ ಕಂಬಿ ಹಿಡಿಯುವವನು.
ಭೂತಗನ್ನಡಿ ಕಿತ್ತುಕೊಂಡು ತುಂಬ ಹೊತ್ತು ನೋಡಿದ.
"ಎಡಗೈ ಹಿಡಿಯಲ್ಲಿ ಬಣ್ಣ ಸವೆದಿತ್ತು, ಬೊಗುಮಿವ್,
ತಗಡು ಕಾಣುತ್ತಿತ್ತು." ಸವೆಸಿದೆ.
"ಗಡಿಯಾರ ತಪ್ಪು."
"ಏನು ತಪ್ಪು?"
"ನಾಲ್ಕು ನಿಮಿಷ ಹಿಂದಿತ್ತು.
ಯಾವಾಗಲೂ."

ಇಪ್ಪತ್ತೆರಡು ವರ್ಷ ಆ ಗಡಿಯಾರಕ್ಕೆ
ಕೀಲಿ ಕೊಟ್ಟವನು ನಾನು!
"ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?"
"ಬರೆದಿದ್ದರೆ ನಿನ್ನನ್ನು ರಾತ್ರಿಯಿಡೀ
ಹಿಮದಲ್ಲಿ ನಿಲ್ಲಿಸುತ್ತಿದ್ದರು.
ಸರಿಯಾದ ಸಮಯ ನನ್ನ ಕೈಗಡಿಯಾರದಲ್ಲಿತ್ತು ಬಿಡು."

ಸಿಟ್ಟು ಬಂತು. ಇನ್ನೂ ಏನೋ ಬಂತು,
ಅದಕ್ಕೂ ಈ ಬಣ್ಣದ ಹಾಗೆ ಹೆಸರಿಲ್ಲ.
ಚಹಾ ಕೊಟ್ಟು ಕಳಿಸಿದೆ.

ಒಂದೇ ಕೂದಲಿನ ಕುಂಚ ಎತ್ತಿ ಕೂತೆ.
ಮಾದರಿ ನಿಜವಾಗಬೇಕಾದರೆ ಮುಳ್ಳು ತಪ್ಪಬೇಕು;
ನಾನು ಮೆಕ್ಯಾನಿಕ್ಕಾಗಿ ಉಳಿಯಬೇಕಾದರೆ ತಪ್ಪಬಾರದು.
ನಾಲ್ಕು ನಿಮಿಷವೆಂದರೆ ಎರಡು ಕೂದಲಿನಗಲ.
ಹೊರಗೆ ನೋಗಾಟ್ ಹೊಳೆಯ ಮೇಲೆ
ಯಾರದೋ ದೋಣಿ ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

ಉಸಿರು ಬಿಗಿಹಿಡಿದು ಮುಳ್ಳು ಬರೆದೆ.
ಒಂದೊಂದು ಮೀಟರಿಗೂ ಒಂದೊಂದು ಹನಿ ಮೆರುಗೆಣ್ಣೆ,
ಗಾಜಿನ ಬದಲು.
ಎರಡು ಹೋಳು ಸೇರಿಸಿ ಅಂಟು ಹಾಕಿ
ರಬ್ಬರ್ ಬ್ಯಾಂಡು ಸುತ್ತಿದೆ.

ನಾಳೆ ಗ್ವಿದೊನ್ ಬಂದು ಬಗ್ಗಿ ನೋಡುತ್ತಾನೆ,
ಅವನ ಕಣ್ಣಿಗೆ ಕಾಣದು,
ಕೇಳುತ್ತಾನೆ.
ಪುಸ್ತಕದಲ್ಲಿ ಬರೆದು ಕೇಳು, ಎನ್ನುತ್ತೇನೆ.